ಅಳಿಯದ ಕೀಲೆಣ್ಣೆಗೆ ಲೆಕ್ಕ ಇಡುವವರಾರು?

ನಾನು ಚಿಕ್ಕವನಿದ್ದಾಗ ನಮ್ಮೂರಿನ ಎತ್ತಿನಗಾಡಿಗಳ ಅಡಿಯಲ್ಲಿ ಒಂದೊಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರಲ್ಲಿರುತ್ತಿದ್ದುದು ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ ಮಾಡಿದ ಕಪ್ಪು ಲೇಪ. ದೂರದ ಸಂತೆಗೆ ಹೊರಟವರು ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಅಚ್ಚಿಗೆ ಅದನ್ನು ಮತ್ತೆ ಸವರಬೇಕಾಗುತ್ತಿತ್ತು. ಸವರಿದ ಎಣ್ಣೆ ಸೋರಿ, ಧೂಳಿನಲ್ಲಿ ಬೆರೆತು, ಕೆಲಕಾಲದಲ್ಲಿ ಮಣ್ಣಾಗಿಬಿಡುತ್ತಿತ್ತು. ಬಾಳಿಕೆ ಬಾರದ ಆ ಗುಣ ಗಾಡಿಯವನಿಗೆ ತೊಂದರೆಯಾಗಿತ್ತು, ಮಣ್ಣಿಗೆ ರಕ್ಷೆಯಾಗಿತ್ತು. ಕಳೆದ ಶತಮಾನದ ರಸಾಯನವಿಜ್ಞಾನವು ಗಾಡಿಯವನ ತೊಂದರೆಯನ್ನು ನಿವಾರಿಸಿತು. ಮಣ್ಣಿನ ರಕ್ಷೆಯೂ ಅದರೊಂದಿಗೇ ಹೋಯಿತು ಎಂಬುದು ನಮಗೆ ಅರಿವಾಗಲು ಬಹಳ ಕಾಲ ಹಿಡಿಯಿತು.

ನಿವೃತ್ತಿಯ ನಂತರ ನಾನು ನೆಲೆಸಿರುವ ಹಿನಕಲ್, ಮೈಸೂರು–ಹುಣಸೂರು ರಸ್ತೆಯ ಮೇಲಿದೆ. ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿ. ಇಂದು ಹೆಬ್ಬಾಳು, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಮಗ್ಗುಲಲ್ಲಿರುವ ಬಡಾವಣೆ. ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಇಲವಾಲ, ಅದರ ಸಮೀಪ ರತ್ನಹಳ್ಳಿ. ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಘಟಕವಿದೆ. ಊರಿನವರ ಬಾಯಲ್ಲಿ ಅದು ‘ಆರ್‌ಎಂಪಿ’. ಯುರೇನಿಯಂ ಅನ್ನು ಸಮೃದ್ಧಗೊಳಿಸುವ ಘಟಕವೆಂದು ಅದು ಪ್ರಸಿದ್ಧ. ಒಳಗಿನ ವಿವರಗಳು ಗೋಪ್ಯವಾಗಿರುವುದು ಸಹಜ. ಆದರೆ ಜಗತ್ತಿನಲ್ಲಿ ಎಲ್ಲಿಯೇ ಈ ಕೆಲಸ ನಡೆದರೂ ಎದುರಾಗುವ ರಾಸಾಯನಿಕ ಸಮಸ್ಯೆ ಒಂದೇ. ಅದು ಪಠ್ಯಪುಸ್ತಕಗಳಲ್ಲೇ ಇದೆ. ಯುರೇನಿಯಂ ಅನ್ನು ಅನಿಲರೂಪಕ್ಕೆ ತರಲು ಅದನ್ನು ಫ್ಲೋರಿನ್ ಜೊತೆ ಸಂಯೋಗಗೊಳಿಸಬೇಕು. ಹಾಗೆ ದೊರೆಯುವ ಯುರೇನಿಯಂ ಹೆಕ್ಸಾಫ್ಲೋರೈಡ್ ಸಾಮಾನ್ಯ ಎಣ್ಣೆಗಳನ್ನೂ ಗ್ರೀಸನ್ನೂ ಕೆಡಿಸಿಬಿಡುತ್ತದೆ. ಅದರ ಉಗ್ರತೆಯನ್ನು ತಾಳಿಕೊಳ್ಳುವುದು ಮೊದಲೇ ಫ್ಲೋರಿನ್ ತುಂಬಿಕೊಂಡಿರುವ ಪದಾರ್ಥಗಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆನ್ನುವ ಮಾತು ಇಲ್ಲಿಗೂ ಸಲ್ಲುತ್ತದೆ.

ಇಂತಹ ಪದಾರ್ಥ ಕೈಗೆ ಸಿಕ್ಕಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯ ಯುವ ರಸಾಯನವಿಜ್ಞಾನಿ ರಾಯ್ ಪ್ಲಂಕೆಟ್, ಶೀತಕ ಅನಿಲಗಳ ಪ್ರಯೋಗಕ್ಕಾಗಿ ಟೆಟ್ರಾಫ್ಲೋರೋಎಥಿಲೀನ್ ತುಂಬಿದ್ದ ಸಿಲಿಂಡರಿನ ಮುಚ್ಚಳ ತಿರುಗಿಸಿದರು. ಅನಿಲ ಹೊರಬರಲಿಲ್ಲ, ತೂಕ ಮಾತ್ರ ಇದ್ದಷ್ಟೇ ಇತ್ತು. ಸಿಲಿಂಡರನ್ನು ಕೊಯ್ದು ನೋಡಿದಾಗ ಒಳಗೆ ಮೇಣದಂತಹ ಬಿಳಿಯ ಪುಡಿ ಕಂಡಿತು. ಆಮ್ಲ, ಕ್ಷಾರ, ದ್ರಾವಕ ಯಾವುದಕ್ಕೂ ಅದು ಜಗ್ಗಲಿಲ್ಲ. ಟೆಫ್ಲಾನ್ ಎಂದು ಇಂದು ಮನೆಮನೆಯಲ್ಲಿ ಪರಿಚಿತವಾಗಿರುವುದು ಇದೇ. ಅದರ ಮೊದಲ ದೊಡ್ಡ ಬಳಕೆ ಅಡುಗೆಮನೆಯಲ್ಲಿ ಆದದ್ದಲ್ಲ, ಎರಡನೆಯ ಮಹಾಯುದ್ಧದ ಕಾಲದ ಅಣುಬಾಂಬ್ ಯೋಜನೆಯಲ್ಲಿ. ದೋಸೆಯ ಕಾವಲಿಯ ವಂಶಜರು ಬಂದದ್ದು 1950ರ ದಶಕದ ಫ್ರಾನ್ಸಿನಿಂದ.

ಇದರ ತಯಾರಿಕೆಯ ದಾರಿ ದೀರ್ಘವಾದುದು. ಫ್ಲೋರೈಟ್ ಎಂಬ ಅದಿರಿಗೆ ಗಂಧಕಾಮ್ಲ ಸೇರಿಸಿ ಹೈಡ್ರೋಜನ್ ಫ್ಲೋರೈಡ್ ಪಡೆಯುತ್ತಾರೆ. ಅದನ್ನು ಕ್ಲೋರೋಫಾರ್ಮ್ ಜೊತೆ ವರ್ತಿಸುವಂತೆ ಮಾಡಿದರೆ ಎಚ್‌ಸಿಎಫ್‌ಸಿ-22 ಎಂಬ ಅನಿಲ. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದಾಗ ಟೆಟ್ರಾಫ್ಲೋರೋಎಥಿಲೀನ್. ಅದರ ಅಣುಗಳನ್ನು ನೀರಿನಲ್ಲಿ ಸರಪಳಿಯಂತೆ ಬೆಸೆದಾಗ ಟೆಫ್ಲಾನ್. ಇದೇ ಕುಲದ ಇನ್ನೊಂದು ಕವಲು, 1960ರ ದಶಕದಲ್ಲಿ ಅಮೆರಿಕ ಮತ್ತು ಇಟಲಿಗಳಲ್ಲಿ ರೂಪುಗೊಂಡ ಪರ್‌ಫ್ಲೋರೋಪಾಲಿಈಥರ್ ಎಂಬ ಬಣ್ಣವಿಲ್ಲದ ಎಣ್ಣೆ. ಆ ಎಣ್ಣೆಗೆ ಟೆಫ್ಲಾನ್ ಪುಡಿ ಬೆರೆಸಿದರೆ ಬಿಳಿಯ ಗ್ರೀಸ್ ಸಿದ್ಧ. ನಮ್ಮ ಹಿರಿಯರು ಹರಳೆಣ್ಣೆಗೆ ಮಸಿ ಬೆರೆಸಿದ ಕ್ರಮವೇ ಇದು. ಪದಾರ್ಥ ಮಾತ್ರ ಬೇರೆ.

ಈ ಕೀಲೆಣ್ಣೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ನಿರ್ವಾತದಲ್ಲಿ ಸಾಮಾನ್ಯ ಎಣ್ಣೆ ಆವಿಯಾಗಿ ಹೋಗುತ್ತದೆ, ಇದು ಹೋಗದು. ಆದ್ದರಿಂದಲೇ ಉಪಗ್ರಹಗಳ ತಿರುಗುವ ಭಾಗಗಳಲ್ಲಿ ಇಂತಹ ಎಣ್ಣೆಗಳು ದಶಕಗಳಿಂದ ಬಳಕೆಯಲ್ಲಿವೆ. ಒತ್ತಡದಲ್ಲಿರುವ ಶುದ್ಧ ಆಮ್ಲಜನಕ ತಗುಲಿದರೆ ಸಾಮಾನ್ಯ ಗ್ರೀಸ್ ಹೊತ್ತಿಕೊಳ್ಳಬಹುದು. ಆಸ್ಪತ್ರೆಯ ಆಮ್ಲಜನಕದ ಕವಾಟಗಳಿಗೆ ಫ್ಲೋರಿನ್ ಗ್ರೀಸನ್ನು ಬಳಸುವುದು ಈ ಕಾರಣಕ್ಕೆ. ಗಣಕಯಂತ್ರದ ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೂ ಇದೇ ಎಣ್ಣೆಯ, ಕೆಲವೇ ಅಣುಗಳಷ್ಟು ದಪ್ಪದ ಪದರವಿರುತ್ತದೆ. ಇವೆಲ್ಲವುಗಳ ಹಿಂದಿರುವುದು ಒಂದೇ ಗುಟ್ಟು: ಇಂಗಾಲ ಮತ್ತು ಫ್ಲೋರಿನ್‌ಗಳ ನಡುವಿನ ಬಂಧ ಬಲು ಗಟ್ಟಿಯಾದುದು. ಬಿಸಿಲು, ಬೆಂಕಿ, ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭವಾಗಿ ಬಿಡಿಸಲಾರದು.

ಗುಣವೇ ದೋಷವಾಗುವುದು ಇಲ್ಲಿಂದ. ಟೆಫ್ಲಾನ್ ತಯಾರಿಸುವಾಗ ನೀರಿನಲ್ಲಿ ಕಣಗಳನ್ನು ಹಿಡಿದಿಡಲು ಪಿಎಫ್‌ಒಎ ಎಂಬ ಸಾಬೂನಿನಂತಹ ಸಂಯುಕ್ತವನ್ನು ದಶಕಗಳ ಕಾಲ ಬಳಸಲಾಯಿತು. ಅಮೆರಿಕದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಿಂದ ಅದು ನದಿಗೂ ಕುಡಿಯುವ ನೀರಿಗೂ ಸೇರಿತು. ರೈತರೊಬ್ಬರ ಹಸುಗಳು ಒಂದೊಂದಾಗಿ ಸತ್ತಾಗ, ವಕೀಲ ರಾಬ್ ಬಿಲಾಟ್ 1999ರಲ್ಲಿ ಅವರ ಪರವಾಗಿ ಮೊಕದ್ದಮೆ ಹೂಡಿದರು. ಸುತ್ತಲಿನ ಸುಮಾರು 70 ಸಾವಿರ ಜನರ ಪರೀಕ್ಷೆ ನಡೆಯಿತು. ಮೂತ್ರಪಿಂಡದ ಮತ್ತು ವೃಷಣದ ಕ್ಯಾನ್ಸರ್, ಥೈರಾಯಿಡ್ ಕಾಯಿಲೆ ಸೇರಿದಂತೆ ಆರು ತೊಂದರೆಗಳಿಗೂ ಈ ಸಂಯುಕ್ತಕ್ಕೂ ಸಂಬಂಧವಿರುವ ಸಂಭವವಿದೆಯೆಂದು ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ನಿರ್ಣಯಿಸಿತು. 2017ರಲ್ಲಿ 67 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಸ್ಟಾಕ್‌ಹೋಮ್ ಒಪ್ಪಂದ 2019ರಲ್ಲಿ ಪಿಎಫ್‌ಒಎಯನ್ನು ನಿಷೇಧದ ಪಟ್ಟಿಗೆ ಸೇರಿಸಿತು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಕೈಗಾರಿಕೆಯ ವಾದವನ್ನೂ ನ್ಯಾಯವಾಗಿ ಆಲಿಸಬೇಕು. ಟೆಫ್ಲಾನ್ ಅಣುಗಳು ತೀರಾ ದೊಡ್ಡವು, ದೇಹದಲ್ಲಿ ಹೀರಲ್ಪಡುವುದಿಲ್ಲ, ತಯಾರಿಕೆಯಲ್ಲಿ ಹಳೆಯ ಸಂಯುಕ್ತವನ್ನು ಕೈಬಿಡಲಾಗುತ್ತಿದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಪದಾರ್ಥವೊಂದರ ಬದುಕು ಅದು ನಮ್ಮ ಕೈಯಲ್ಲಿರುವಷ್ಟು ಕಾಲ ಮಾತ್ರದ್ದಲ್ಲ. ಟೆಫ್ಲಾನ್ ಚೂರುಪಾರುಗಳನ್ನು ವಿಕಿರಣಕ್ಕೊಡ್ಡಿ, ಒಡೆದು, ನುಣ್ಣನೆಯ ಪುಡಿ ಮಾಡಿ ಎಣ್ಣೆ, ಗ್ರೀಸುಗಳಿಗೆ ಬೆರೆಸುವ ಪದ್ಧತಿಯಿದೆ. ನೋಡಲು ಇದು ಮೆಚ್ಚಬೇಕಾದ ಮರುಬಳಕೆಯೇ. ಆದರೆ ಒಡೆಯುವ ಆ ಕ್ರಿಯೆಯಲ್ಲೇ ಪಿಎಫ್‌ಒಎ ಹುಟ್ಟುತ್ತದೆ. ಬಾಗಿಲಿನಿಂದ ಹೊರಹಾಕಿದ್ದು ಕಿಟಕಿಯಿಂದ ಒಳಬರುವುದೆಂದರೆ ಇದೇ.

ಈಗ ನಮ್ಮ ದೇಶದತ್ತ ನೋಡೋಣ. ಈ ಕ್ಷೇತ್ರದಲ್ಲಿದ್ದ ಸಾರ್ವಜನಿಕ ವಲಯದ ಹಿಂದೂಸ್ತಾನ್ ಫ್ಲೋರೋಕಾರ್ಬನ್ಸ್, ಇಂದಿನ ತೆಲಂಗಾಣದ ರುದ್ರಾರಂನಲ್ಲಿ ಟೆಫ್ಲಾನ್ ವರ್ಗದ ಪಾಲಿಮರ್ ತಯಾರಿಸುತ್ತಿತ್ತು. ನಷ್ಟದಲ್ಲಿದ್ದ ಅದನ್ನು ಮುಚ್ಚಲು ಕೇಂದ್ರ ಸಂಪುಟ 2020ರಲ್ಲಿ ಒಪ್ಪಿತು. ಗುಜರಾತಿನ ದಹೇಜ್‌ನಲ್ಲಿ ಖಾಸಗಿ ಉದ್ಯಮ ಬೆಳೆದಿದೆ. ಅತ್ತ 3ಎಂ ಎಂಬ ಅಮೆರಿಕದ ದೈತ್ಯ ಕಂಪೆನಿ ಈ ವರ್ಗದ ರಾಸಾಯನಿಕಗಳ ತಯಾರಿಕೆಯಿಂದಲೇ 2025ರ ಕೊನೆಯೊಳಗೆ ಹಿಂದೆ ಸರಿಯುವುದಾಗಿ 2022ರಲ್ಲಿ ಪ್ರಕಟಿಸಿತು. ಇಟಲಿಯ ವಿಚೆನ್ಸಾ ಪ್ರಾಂತ್ಯದಲ್ಲಿ ಅಂತರ್ಜಲವನ್ನು ಕೆಡಿಸಿದ ಮಿಟೆನಿ ಕಾರ್ಖಾನೆ 2018ರಲ್ಲಿ ದಿವಾಳಿಯಾಯಿತು. ಅದರ ಹಿಂದಿನ ಅಧಿಕಾರಿಗಳಿಗೆ ಅಲ್ಲಿನ ನ್ಯಾಯಾಲಯ 2025ರಲ್ಲಿ ಸೆರೆವಾಸ ವಿಧಿಸಿತು. ಆ ಕಾರ್ಖಾನೆಯ ಯಂತ್ರೋಪಕರಣಗಳು ಮಾತ್ರ ಮಾರಾಟವಾಗಿ ಬಂದು ಸೇರಿದ್ದು ನಮ್ಮ ಕೊಂಕಣ ಕರಾವಳಿಯ ರತ್ನಾಗಿರಿ ಜಿಲ್ಲೆಗೆ. ಯಂತ್ರಗಳಿಗೆ ಪಾಪಪುಣ್ಯವಿಲ್ಲ, ನಿಜ. ಆದರೆ ಯಂತ್ರದೊಡನೆ ಅದರ ಇತಿಹಾಸದ ಕಡತವೂ ಬಂದಿದೆಯೇ ಎಂದು ಕೇಳುವುದು ಆಡಳಿತದ ಕರ್ತವ್ಯ.

ಈ ಮಾತು ಹೇಳಲು ನನಗೊಂದು ವೈಯಕ್ತಿಕ ಕಾರಣವಿದೆ. ಸೇವೆಯ ಆರಂಭದ ವರ್ಷಗಳಲ್ಲಿ ಪಾವಗಡದ ಸೀಮೆಯಲ್ಲಿ ಓಡಾಡುವಾಗ ಶಾಲೆಯ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡಿದ್ದೇನೆ. ನಲವತ್ತಕ್ಕೇ ಬೆನ್ನು ಬಾಗಿದವರನ್ನು ಕಂಡಿದ್ದೇನೆ. ಅದು ಬಂಡೆಯಿಂದ ಕೊಳವೆಬಾವಿಯ ನೀರಿಗೆ ಸೇರುವ ಫ್ಲೋರೈಡ್‌ನ ಫಲ. ಆ ಫ್ಲೋರೈಡ್ ಬೇರೆ, ಇಲ್ಲಿ ಹೇಳುತ್ತಿರುವ ಸಂಯುಕ್ತಗಳು ಬೇರೆ, ಎರಡನ್ನೂ ಬೆರೆಸಬಾರದು. ಆದರೆ ಪಾಠ ಒಂದೇ. ಅಳೆಯದ ವಿಷಕ್ಕೆ ಕಡತದಲ್ಲಿ ಅಸ್ತಿತ್ವವಿಲ್ಲ. ನಾವು ಕೊಳವೆಬಾವಿ ಕೊರೆಸಿ ಗುರಿ ಸಾಧಿಸಿದೆವೆಂದು ವರದಿ ಬರೆದೆವು. ನೀರಿನೊಳಗೇನಿದೆ ಎಂದು ಕೇಳುವ ಕಲಂ ನಮೂನೆಯಲ್ಲೇ ಇರಲಿಲ್ಲ. ಆ ವರದಿಗಳ ಕೆಳಗೆ ನನ್ನ ಸಹಿಯೂ ಇದೆ. ಇಂದು ಫ್ಲೋರೈಡ್‌ಗೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮೇಲ್ಮಿತಿಯಿದೆ, ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಬಾಗಿದ ಬೆನ್ನುಗಳು ಮಾತ್ರ ನೆಟ್ಟಗಾಗಲಿಲ್ಲ.

ಪಿಎಫ್‌ಒಎಗೆ ಅಮೆರಿಕ 2024ರಲ್ಲಿ ಗೊತ್ತುಪಡಿಸಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಅಂದರೆ ನಮ್ಮ ಫ್ಲೋರೈಡ್ ಮಿತಿಯ ಮೂರೂಮುಕ್ಕಾಲು ಲಕ್ಷದ ಒಂದು ಪಾಲು. ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಈ ಸಂಯುಕ್ತಗಳಿಗೆ ಮಿತಿಯನ್ನೇ ಹೇಳಿಲ್ಲ. ಗಂಗಾನದಿಯ ನೀರಿನಲ್ಲಿ ಇವು ಇರುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ಗುರುತಿಸಿದೆ. ಕಾವೇರಿ, ಕಪಿಲೆಯರ ದಡದಲ್ಲಿರುವ ನಾವು ನಿಶ್ಚಿಂತರಾಗಿರಲು ಯಾವ ಆಧಾರವಿದೆ?

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹಳೆಯ ಪ್ರಶ್ನೆ. ವಸ್ತುವಿನ ಬೆಲೆಯಲ್ಲಿ ಸೇರದ, ಮೂರನೆಯವರು ತೆರುವ ವೆಚ್ಚದ ಬಗ್ಗೆ ಆರ್ಥರ್ ಪಿಗೂ 1920ರಲ್ಲೇ ಬರೆದರು. ಕೆಡಿಸಿದವರೇ ತೆರಬೇಕೆಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿಯಿತು. ಅದನ್ನು ಜಾರಿಗೆ ತರುವುದು ಅಸಾಧ್ಯವೇನಲ್ಲ. ಇದೇ ಉದ್ಯಮದಿಂದ ಒಂದು ನಿದರ್ಶನ: ಎಚ್‌ಸಿಎಫ್‌ಸಿ-22 ತಯಾರಿಸುವಾಗ ಉಪೋತ್ಪನ್ನವಾಗಿ ಬರುವ ಎಚ್‌ಎಫ್‌ಸಿ-23 ಅನಿಲ, ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 14 ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಒಂದು ಕಾಲಕ್ಕೆ ಅದನ್ನು ಸುಡುವುದಕ್ಕೆ ಕಂಪೆನಿಗಳಿಗೆ ಅಂತರರಾಷ್ಟ್ರೀಯ ಕಾರ್ಬನ್ ಮಾರುಕಟ್ಟೆಯಿಂದ ಹಣ ಬರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಅದನ್ನು ಸ್ವಂತ ಖರ್ಚಿನಲ್ಲೇ ಸುಡಬೇಕೆಂದು ತಯಾರಕರಿಗೆ ಆದೇಶಿಸಿತು. ಉದ್ಯಮವೇನೂ ಮುಳುಗಲಿಲ್ಲ.

ಈಗ ಬೇಕಾಗಿರುವುದು ಮೂರು ಕೆಲಸ. ಕುಡಿಯುವ ನೀರಿನ ಮಾನಕದಲ್ಲಿ ಈ ಸಂಯುಕ್ತಗಳಿಗೆ ಮಿತಿ ಗೊತ್ತುಪಡಿಸುವುದು ಮೊದಲನೆಯದು. ಪೀಣ್ಯ, ಹೆಬ್ಬಾಳು, ನಂಜನಗೂಡಿನಂತಹ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಕೆರೆ, ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡುವುದು ಎರಡನೆಯದು. ಅನಿವಾರ್ಯ ಬಳಕೆಯನ್ನೂ ಅನುಕೂಲದ ಬಳಕೆಯನ್ನೂ ಬೇರ್ಪಡಿಸುವುದು ಮೂರನೆಯದು. ಉಪಗ್ರಹಕ್ಕೆ, ಆಮ್ಲಜನಕದ ಕವಾಟಕ್ಕೆ, ಪರಮಾಣು ಘಟಕಕ್ಕೆ ಬದಲಿ ಸುಲಭವಲ್ಲ. ಅಲ್ಲಿ ಬಳಸಲಿ, ಬಳಸಿದ ಎಣ್ಣೆಯನ್ನು ಹಿಂಪಡೆದು ಶುದ್ಧೀಕರಿಸುವ ಹೊಣೆ ಮಾರಿದವರದಾಗಲಿ. ಸೈಕಲ್ ಚೈನಿಗೂ ಬಾಗಿಲಿನ ತಿರುಗಣಿಗೂ ಅದೇ ಪುಡಿ ಏಕೆ ಬೇಕು? ಕಾವಲಿಯ ಮಾತಂತೂ ಬೇಡ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿದರೆ ದೋಸೆ ಇಂದಿಗೂ ಏಳುತ್ತದೆ.

ಬೆಳಗಿನ ನಡಿಗೆಯಲ್ಲಿ ಹಿನಕಲ್ ಕೆರೆಯ ಕಡೆ ಹೋಗುವುದುಂಟು. ಕೊಳಚೆ ಸೇರಿದರೆ ಮೂಗು ಹೇಳುತ್ತದೆ, ಬಣ್ಣ ಸೇರಿದರೆ ಕಣ್ಣು ಹೇಳುತ್ತದೆ. ಈ ಸಂಯುಕ್ತಗಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೇಳಬೇಕಾದುದು ಪ್ರಯೋಗಾಲಯ, ಕೇಳಬೇಕಾದುದು ಸರ್ಕಾರ. ಪಾವಗಡದಲ್ಲಿ ನಮಗೆ ಗೊತ್ತಿರಲಿಲ್ಲ ಎಂಬ ಸಮಾಧಾನವಾದರೂ ಇತ್ತು. ಈ ಬಾರಿ ಅದೂ ಇರುವುದಿಲ್ಲ.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)