ದುಡಿಯುವವರ ವಕೀಲರು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಶಾರದಾ ವಿಲಾಸ ಕಾನೂನು ಕಾಲೇಜು ಇರುವುದರಿಂದ ಅಲ್ಲಿನ ಮನೆಗಳಿಗೆ ವಕೀಲಿ ವೃತ್ತಿ ಹೊಸತಲ್ಲ. ಆದರೆ ಮಗನೋ ಮಗಳೋ ಕಾನೂನು ಪದವಿ ಪಡೆದರೆ ತಂದೆತಾಯಿಗಳ ಕಣ್ಣು ಆಸ್ತಿ ದಾವೆಗಳ ಕಡೆಗೇ ಹರಿಯುವುದನ್ನು ನಾವು ಕಂಡಿದ್ದೇವೆ. ಕಾರ್ಮಿಕ ಕಾನೂನಿನ ವಕೀಲರು ನೆನಪಾಗುವುದು ಮನೆಯ ಯಜಮಾನನ ಕೈಗೆ ವಜಾ ಆದೇಶ ಬಂದ ದಿನ.

ಈ ಶಾಖೆಯ ಹಿರಿಮೆಯನ್ನು ಅರಿಯಲು ನಮ್ಮ ನಾಡಿನದೇ ಒಂದು ಮೊಕದ್ದಮೆ ಸಾಕು. ಬೆಂಗಳೂರು ಜಲಮಂಡಳಿಯು ದುರ್ನಡತೆಯ ಆರೋಪದ ಮೇಲೆ ಕೆಲವು ನೌಕರರಿಗೆ ದಂಡ ವಿಧಿಸಿ ಹಣ ವಸೂಲು ಮಾಡಿತು. ಇದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಎ. ರಾಜಪ್ಪ ಮೊದಲಾದವರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ತಾನು ‘ಕೈಗಾರಿಕೆ’ಯೇ ಅಲ್ಲ, ಆದ್ದರಿಂದ ಆ ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂಬುದು ಮಂಡಳಿಯ ವಾದ. ಹೈಕೋರ್ಟು ಒಪ್ಪಲಿಲ್ಲ. ವಿಷಯವು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವನ್ನು ಮುಟ್ಟಿ, 1978ರ ಫೆಬ್ರವರಿ 21ರಂದು ತೀರ್ಪು ಬಂದಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಲಾಭದ ಉದ್ದೇಶವನ್ನು ಬದಿಗಿರಿಸಿ, ಮಾಲೀಕ-ನೌಕರರ ಸಹಕಾರದಿಂದ ಸರಕನ್ನೋ ಸೇವೆಯನ್ನೋ ಒದಗಿಸುವ ಕ್ರಮಬದ್ಧ ಚಟುವಟಿಕೆಯನ್ನು ಕೈಗಾರಿಕೆಯೆಂದು ನಿರೂಪಿಸಿದರು. ಆಸ್ಪತ್ರೆ, ವಿದ್ಯಾಸಂಸ್ಥೆಗಳೂ ಅದರೊಳಗೆ ಬಂದವು. ಕೆಲವೇ ನೌಕರರ ದಂಡದ ಹಣದಿಂದ ಹೊರಟ ಪ್ರಶ್ನೆ ಇಡೀ ದೇಶದ ದುಡಿಮೆಗಾರರಿಗೆ ಸಂಬಂಧಿಸಿದ್ದಾಯಿತು! ಶಾಲೆ, ಆಸ್ಪತ್ರೆಗಳನ್ನು ನಡೆಸುವ ನಮ್ಮ ಸಮಾಜದ ಹಿರಿಯರು ಈ ತೀರ್ಪನ್ನು ಅವಶ್ಯವಾಗಿ ಓದಬೇಕು. (ಬೋಧಕರು ಮಾತ್ರ ಆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು 1988ರಲ್ಲಿ ಸುಪ್ರೀಂ ಕೋರ್ಟು ಹೇಳಿತು.)

ಈ ವಕೀಲರಿಗೆ ಒಂದು ವಿಚಿತ್ರ ಕಟ್ಟುಪಾಡೂ ಇತ್ತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ, ಎದುರು ಪಕ್ಷದ ಒಪ್ಪಿಗೆ ಹಾಗೂ ನ್ಯಾಯಾಲಯದ ಅನುಮತಿಯಿಲ್ಲದೆ ವಕೀಲರು ಕಾರ್ಮಿಕ ನ್ಯಾಯಾಲಯದಲ್ಲಿ ವಾದಿಸುವಂತಿರಲಿಲ್ಲ. ಸಂಘದ ಪದಾಧಿಕಾರಿಯಾದವರಿಗೆ ಈ ಅಡ್ಡಿಯಿರಲಿಲ್ಲ. ಇನ್ನು ಅವರ ನಿತ್ಯದ ಕೆಲಸದಲ್ಲಿ ವಾಗ್ವೈಭವಕ್ಕೆ ಅವಕಾಶ ಕಡಿಮೆ. ಆರೋಪ ಪತ್ರದಲ್ಲಿ ಏನಿದೆ, ವಿಚಾರಣೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ನೌಕರನಿಗೆ ಅವಕಾಶ ದೊರೆಯಿತೇ, ತಪ್ಪಿಗೆ ತಕ್ಕ ಶಿಕ್ಷೆಯೇ ಎಂಬುದನ್ನು ಹಾಳೆ ಹಾಳೆಯಾಗಿ ಶೋಧಿಸಬೇಕು.

ಕಾಲಾವಧಿಯಂತೂ ಅತಿ ಮುಖ್ಯ. ಮೊದಲು ಸರ್ಕಾರವೇ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿತ್ತು. 1988ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು, ವಜಾಗೊಂಡವನು ಆರು ತಿಂಗಳೊಳಗೆ ತಾನೇ ನೇರವಾಗಿ ಅರ್ಜಿ ಸಲ್ಲಿಸಲು ದಾರಿ ಮಾಡಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆದಕಾರಣ ಹಿಂದಿನವರು ಹೇಳಿದ ಅವಧಿಯನ್ನು ನಂಬಿ ಕೂರದೆ, ನೇಮಕಾತಿ ಪತ್ರ, ಸಂಬಳದ ಚೀಟಿ, ವಜಾ ಆದೇಶಗಳೊಡನೆ ಕೂಡಲೇ ವಕೀಲರನ್ನು ಕಾಣತಕ್ಕದ್ದು.