ಡಬ್ಬಿಯ ಬೆಲೆ ಬೇರೆ, ಗೋಡೆಯ ಖರ್ಚು ಬೇರೆ

ಭತ್ತ ಮಾರಿದ ದುಡ್ಡು ಕೈಗೆ ಬಂದು, ಮನೆಯಲ್ಲೊಂದು ಮದುವೆಯ ಮಾತು ಎದ್ದಿತೆಂದರೆ, ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರಲ್ಲಿ ಸೀರೆ, ಬಂಗಾರದ ಜೊತೆಗೇ ಶುರುವಾಗುವ ಚರ್ಚೆ ಬಣ್ಣದ್ದು. ಹಿಂದೆ ಇದು ಸಲೀಸಾಗಿತ್ತು. ಯುಗಾದಿಗೋ ದಸರಾಕ್ಕೋ ಸುಣ್ಣದ ಹರಳು ತಂದು ನೀರಲ್ಲಿ ಅರಳಿಸಿ, ಚೂರು ನೀಲಿ ಬೆರೆಸಿ, ಮನೆಮಂದಿಯೇ ಹೊಡೆದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮುಗಿಯಿತು. ಅಂದಾಜು ತಪ್ಪಿದರೆ ಹೋಗುತ್ತಿದ್ದದ್ದು ಒಂದು ಬುಟ್ಟಿ ಸುಣ್ಣ. ಈಗ 20 ಲೀಟರಿನ ಒಂದು ಬಕೆಟ್ಟಿಗೇ ಸಾವಿರಗಟ್ಟಲೆ ಎಣಿಸಬೇಕು. ಅಂದಾಜು ಮಾತ್ರ ಸುಣ್ಣದ ಕಾಲದ್ದೇ ಉಳಿದಿದೆ. ಅಂಗಡಿಯಲ್ಲಿ ಬಣ್ಣದ ಚೀಟಿ ಹಿಡಿದು ಅರ್ಧ ದಿನ ಕೂರುತ್ತೇವೆ. ಮನೆಯ ಗೋಡೆಗೆ ಟೇಪು ಹಿಡಿಯುವುದಿಲ್ಲ, ಅದರ ಬುಡವನ್ನು ಮುಟ್ಟಿಯೂ ನೋಡುವುದಿಲ್ಲ. ಬಜೆಟ್ ಹಳಿ ತಪ್ಪುವುದು ಹೆಚ್ಚಾಗಿ ಅಲ್ಲೇ.

“ಸಾವಿರ ಚದರಡಿ ಮನೆಗೆ ಸಾವಿರ ಚದರಡಿ ಬಣ್ಣ”

ಮನೆಯ ಅಳತೆ ಎಂದರೆ ನೆಲದ ಅಳತೆ. ಬಣ್ಣ ಬೀಳುವುದು ಗೋಡೆಗೆ, ಮೇಲ್ಛಾವಣಿಗೆ. ಒಂದು ಕೋಣೆ ತೆಗೆದುಕೊಳ್ಳಿ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನೆಲ 120 ಚದರಡಿ. ನಾಲ್ಕು ಗೋಡೆ ಕೂಡಿದರೆ 440. ಮೂರಡಿಗೆ ಏಳಡಿಯ ಒಂದು ಬಾಗಿಲು, ನಾಲ್ಕಡಿಗೆ ನಾಲ್ಕಡಿಯ ಎರಡು ಕಿಟಕಿ ಕಳೆದರೆ ಗೋಡೆ 387 ಚದರಡಿ ಉಳಿಯುತ್ತದೆ. ಛಾವಣಿಯ 120 ಸೇರಿಸಿದರೆ 507. ನೆಲದ ನಾಲ್ಕು ಪಟ್ಟಿಗೂ ಮಿಗಿಲು. ದೊಡ್ಡ ಪಡಸಾಲೆಯಿದ್ದು ಅಡ್ಡಗೋಡೆ ಕಮ್ಮಿಯಿರುವ ಮನೆಯಲ್ಲಿ ಈ ಪಟ್ಟು ಇಳಿಯುತ್ತದೆ. ಇಡೀ ಮನೆಗೆ ನೆಲದ ಮೂರೂವರೆ ಪಟ್ಟು ಎಂದು ಗುತ್ತಿಗೆದಾರರು ಹಿಡಿಯುವುದು ಅದಕ್ಕೇ. ಆದರೆ ‘ಐದಂಕಣದ ಮನೆ’ ಎಂದು ಬಾಯಿಮಾತಲ್ಲಿ ಹೇಳಿ ದರ ಕೇಳಿದರೆ, ಎದುರಿನವನು ತನಗೆ ನಷ್ಟವಾಗದಂತೆಯೇ ಹೇಳುತ್ತಾನೆ. ಟೇಪು ಹಿಡಿದು ಕೋಣೆಗೊಂದು ಸಾಲು ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ.

“ಲೀಟರಿಗೆ 120 ಚದರಡಿ ಬರ್ತದೆ, ಡಬ್ಬಿ ಮೇಲೇ ಬರೆದಾರೆ”

ಬರೆದದ್ದು ಸುಳ್ಳಲ್ಲ, ಓದಿದ್ದು ಅರ್ಧ. ಆ ಅಂಕಿ ಒಂದು ಕೋಟಿಂಗಿನದೋ ಎರಡರದೋ ಎಂಬುದು ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ಅದೂ ನುಣುಪಾದ, ಪ್ರೈಮರ್ ಕುಡಿದ ಗೋಡೆಯ ಲೆಕ್ಕ. ಎರಡು ಕೋಟಿಂಗಿಗೆ ಲೀಟರಿಗೆ 50ರಿಂದ 60 ಚದರಡಿ ಎಂದು ಹಿಡಿದರೆ ಮೋಸ ಹೋಗುವುದಿಲ್ಲ. ನಮ್ಮ ಕೋಣೆಯ 387 ಚದರಡಿ ಗೋಡೆಗೆ ಏಳು ಲೀಟರ್, ಛಾವಣಿಯ ಬಿಳಿಗೆ ಎರಡು ಲೀಟರಿನ ಮೇಲೆ ಸ್ವಲ್ಪ. ಪ್ರೈಮರ್ ಒಂದು ಕೋಟಿಂಗಿಗೆ ಸುಮಾರು ಐದು ಲೀಟರ್. ಗೋಡೆ, ಛಾವಣಿ ಎಲ್ಲಕ್ಕೂ ಎರಡು ಕೈ ಪುಟ್ಟಿ ಹಾಕುವುದಾದರೆ, ಕೆಜಿಗೆ 10ರಿಂದ 15 ಚದರಡಿಯಂತೆ 40 ಕೆಜಿಯ ಒಂದು ಚೀಲ ಹೆಚ್ಚುಕಮ್ಮಿ ಸರಿಹೋಗುತ್ತದೆ. ಹಳೆಯ ಪುಟ್ಟಿ ಗಟ್ಟಿಯಾಗಿದ್ದರೆ ತೇಪೆ ಹಾಕಿದರೆ ಸಾಕು. ಅಲ್ಲಿ ಚೀಲದ ಮುಕ್ಕಾಲು ಉಳಿಯುತ್ತದೆ.

ಬಣ್ಣ ಯಾವುದು ಎಂಬುದೂ ಲೆಕ್ಕ ಬದಲಿಸುತ್ತದೆ. ಬಿಳಿಗೆ ಮರೆಮಾಚುವ ಶಕ್ತಿ ಕೊಡುವುದು ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿ. ಕಡು ಕೆಂಪು, ಕಡು ಹಳದಿ ಮಾಡುವ ‘ಬೇಸ್’ ಎಂಬ ಮೂಲ ಬಣ್ಣದಲ್ಲಿ ಅದು ಬಹಳ ಕಮ್ಮಿ ಅಥವಾ ಇರುವುದೇ ಇಲ್ಲ. ಬದಲಿಗೆ ಮೆಷಿನ್ನಿನಿಂದ ಸ್ಟೇನರ್ ಎಂಬ ಬಣ್ಣದ ದ್ರವ ಹೆಚ್ಚು ಬೀಳುತ್ತದೆ. ಆದ್ದರಿಂದ ಲೀಟರಿನ ಬೆಲೆ ಏರುತ್ತದೆ, ಗೋಡೆ ಮುಚ್ಚಲು ಮೂರನೇ ಕೋಟಿಂಗೂ ಬೇಕಾಗುತ್ತದೆ. ಪಡಸಾಲೆಯ ಒಂದೇ ಗೋಡೆಗೆ ಗಾಢ ಬಣ್ಣ ಬೇಕೆಂದರೆ ಧಾರಾಳ ಹಾಕಿಸಿ, ಆ ಗೋಡೆಯ ಖರ್ಚನ್ನು ಮಾತ್ರ ಬೇರೆ ಬರೆಯಿರಿ. ಬಣ್ಣ ಬೆರೆಸುವ ಬೇಸಿನ ಡಬ್ಬಿಗಳು ಸಾಮಾನ್ಯವಾಗಿ 0.9, 3.6, 9, 18 ಲೀಟರಿನವು. ಸ್ಟೇನರಿಗೆ ಜಾಗ ಬಿಟ್ಟಿರುತ್ತಾರೆ. ಒಮ್ಮೆ ಮೆಷಿನ್ನಿಗೆ ಇಟ್ಟು ಬೆರೆಸಿದ ಡಬ್ಬಿಯನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಿಳಿ ಪ್ರೈಮರನ್ನೂ ಒಡೆಯದ ಪುಟ್ಟಿ ಚೀಲವನ್ನೂ ಕೇಳಿಕೊಂಡರೆ ತೆಗೆದುಕೊಳ್ಳುವವರುಂಟು. ಹಾಗಾಗಿ ಸ್ವಲ್ಪ ಹೆಚ್ಚಾಗಿ ತರಬೇಕಾದದ್ದು ಅವನ್ನು, ಬಣ್ಣವನ್ನಲ್ಲ.

“ಕೆಳಗೆ ಮೂರಡಿ ಆಯಿಲ್ ಪೇಂಟ್ ಹೊಡೆದ್ರೆ ಥಂಡಿ ಮೇಲೇಳಲ್ಲ”

ಈ ಭಾಗದ ಅತಿ ದುಬಾರಿ ನಂಬಿಕೆ ಇದು. ಕರೂರು, ಸಿರುಗುಪ್ಪ, ಕುರುಗೋಡು ಎಲ್ಲೇ ಹೋಗಿ, ಗೋಡೆಯ ಬುಡಕ್ಕೆ ಹೊಳೆಯುವ ಆಯಿಲ್ ಪೇಂಟಿನ ಪಟ್ಟಿ ಇರುವ ಮನೆ ಸಿಗುತ್ತದೆ. ಒರೆಸಲು ಸುಲಭ, ಮಕ್ಕಳ ಕೈ ಕೊಳೆ ಹಿಡಿಯುವುದಿಲ್ಲ. ಅಷ್ಟಕ್ಕೆ ಅದು ಸರಿ. ಥಂಡಿಗೆ ಔಷಧ ಎಂದು ಹೊಡೆದರೆ ಮಾತ್ರ ಕೆಡುತ್ತದೆ.

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಈ ಸೀಮೆಗೆ ಬರತೊಡಗಿದ ಮೇಲೆ ಜೋಳ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಅದರ ಬೆನ್ನಿಗೇ ಬಂದದ್ದು ಜೌಗು, ಸವಳು. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿದರೆ ಊರ ಅಡಿಯ ನೆಲವೂ ತೇವಗೊಳ್ಳುತ್ತದೆ. ಬುನಾದಿಯ ಮೇಲೆ ತೇವ ತಡೆಯುವ ಪದರ ಹಾಕದೆ ಕಟ್ಟಿದ ಗೋಡೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಆ ನೀರನ್ನು ಮೇಲಕ್ಕೆಳೆಯುತ್ತದೆ. ಜೊತೆಗೆ ಮಣ್ಣಿನ ಉಪ್ಪನ್ನೂ. ನೀರು ಗೋಡೆಯ ಮೈಯಿಂದ ಆರಿಹೋಗುತ್ತದೆ. ಉಪ್ಪು ಅಲ್ಲೇ ಹರಳುಗಟ್ಟಿ ಹಿಗ್ಗಿ, ಗಾರೆಯನ್ನು ಪುಡಿಮಾಡಿ, ಬಣ್ಣವನ್ನು ಹಪ್ಪಳಿಸಿ ಎಬ್ಬಿಸುತ್ತದೆ. ಆರುವ ದಾರಿಯನ್ನು ಆಯಿಲ್ ಪೇಂಟಿನಿಂದ ಮುಚ್ಚಿದರೆ ತೇವ ಸುಮ್ಮನಿರುವುದಿಲ್ಲ. ಪಟ್ಟಿಯ ಹಿಂದೆಯೇ ಏರಿ ಅದರ ಮೇಲಂಚಿನಲ್ಲಿ ಮೂಡುತ್ತದೆ. ಮೂರಡಿಯಲ್ಲಿದ್ದ ಕಲೆ ನಾಲ್ಕೂವರೆ ಅಡಿಗೆ ಬಂತು ಎಂದು ಆಮೇಲೆ ಬೈಸಿಕೊಳ್ಳುವವನು ಪೇಂಟರ್. ಟೈಲ್ಸ್ ಅಂಟಿಸಿದರೂ ಇದೇ ಕಥೆ.

ಇನ್ನೊಂದು ಕಣ್ಕಟ್ಟು ಕಾಲದ್ದು. ನಾವು ಬಣ್ಣ ಹೊಡೆಸುವುದು ಮದುವೆಯ ದಿನಗಳಲ್ಲಿ, ಅಂದರೆ ಬೇಸಿಗೆಯಲ್ಲಿ. ಬಳ್ಳಾರಿಯ 40 ಡಿಗ್ರಿಗೂ ಮೀರಿದ ಬಿಸಿಲಲ್ಲಿ ಯಾವ ಗೋಡೆಯೂ ಒಣಗಿದಂತೆಯೇ ಕಾಣುತ್ತದೆ. ಅದೇ ಗೋಡೆ ಮಳೆಗಾಲದಲ್ಲಿ, ಕಾಲುವೆ ತುಂಬಿ ಹರಿಯುವಾಗ ಹೇಗಿತ್ತೆಂದು ನೆನಪಿಸಿಕೊಳ್ಳಿ. ಆಗ ಉಪ್ಪೊಡೆದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದರೆ ಇನ್ನೂ ಒಳ್ಳೆಯದು. ಗೆರೆಯ ಮೇಲೊಂದು ಅಡಿಯವರೆಗೆ ಹಳೆ ಗಾರೆ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉದುರಿಸಿ (ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ), ವಾಟರ್‌ಪ್ರೂಫಿಂಗ್ ಬೆರೆಸಿದ ಹೊಸ ಗಾರೆ ಮಾಡಿಸಿ, ಅದು ಪೂರ್ತಿ ಆರುವವರೆಗೆ ಕಾಯುವುದು ಒಂದು ದಾರಿ. ಗೋಡೆಯ ಬುಡದಲ್ಲಿ ತೂತು ಕೊರೆದು ತೇವ ತಡೆಯುವ ರಾಸಾಯನಿಕ ತುಂಬಿಸುವುದು ಹೆಚ್ಚು ಖರ್ಚಿನ, ಮೂಲಕ್ಕೇ ಕೈಹಾಕುವ ದಾರಿ. ಎರಡಕ್ಕೂ ದುಡ್ಡಿಲ್ಲದ ವರ್ಷ ಆ ಬುಡಕ್ಕೆ ಸುಣ್ಣ ಹೊಡೆಸಿಬಿಡಿ. ಸುಣ್ಣ ಉಸಿರಾಡುತ್ತದೆ, ತೇವವನ್ನು ಹೊರಬಿಡುತ್ತದೆ, ಉದುರಿದರೆ ಮತ್ತೆ ಹೊಡೆಯಬಹುದು. ಬೀಗರು ಏನಂದುಕೊಂಡಾರು ಎಂಬ ಅಳುಕಿಗೆ ಮಾತ್ರ ನನ್ನ ಬಳಿ ಪರಿಹಾರವಿಲ್ಲ.

“ಬಿರುಕಿಗೆ ಪುಟ್ಟಿ ತುಂಬಿದ್ರೆ ಆಯ್ತು”

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯ್ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ಅದರೊಂದಿಗೆ ಅಲುಗುತ್ತದೆ. ಸಿಮೆಂಟಿನ ಪುಟ್ಟಿ ಒಣಗಿದ ಮೇಲೆ ಬಗ್ಗುವ ವಸ್ತುವಲ್ಲ. ಗೋಡೆ ಕದಲಿದ ಮೊದಲ ಋತುವಿಗೇ ಹಳೆಯ ಗೆರೆ ಹೊಸ ಬಣ್ಣದ ಮೇಲೆ ಮೂಡುತ್ತದೆ. ಸಣ್ಣ ಬಿರುಕನ್ನು ಇಂಗ್ಲಿಷ್ ‘ವಿ’ ಅಕ್ಷರದ ಆಕಾರಕ್ಕೆ ಕೆರೆದು, ಧೂಳು ತೆಗೆದು, ಬಗ್ಗುವ ಗುಣದ ಅಕ್ರಿಲಿಕ್ ಕ್ರ್ಯಾಕ್ ಪೇಸ್ಟ್ ತುಂಬಬೇಕು. ಒಂದೆರಡು ಡಬ್ಬಿಯ ಖರ್ಚು ಅಷ್ಟೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಬೆರಳು ತೂರುವಷ್ಟು ಅಗಲವಾದ ಬಿರುಕಾದರೆ ಅದು ಬಣ್ಣದ ಬಜೆಟ್ಟಿನ ವಿಷಯವೇ ಅಲ್ಲ, ಎಂಜಿನಿಯರನ್ನು ಕರೆಸಿ.

“ಅಗ್ಗದ ಡಬ್ಬಿ ತಂದ್ರೆ ಉಳಿತಾಯ”

ಕೂಲಿ ಎರಡಕ್ಕೂ ಒಂದೇ. ಕೆರೆಯುವುದು, ಉಜ್ಜುವುದು, ಸಾಮಾನು ಮುಚ್ಚುವುದು, ಎರಡು ಕೈ ಹೊಡೆಯುವುದು ಡಿಸ್ಟೆಂಪರಿಗೂ ಬೇಕು, ಒಳ್ಳೆಯ ಎಮಲ್ಷನ್ನಿಗೂ ಬೇಕು. ಒಟ್ಟು ಖರ್ಚಿನ ಅರ್ಧದಷ್ಟು ಕೂಲಿಯೇ ಆಗುವಾಗ, ಡಬ್ಬಿಯ ಬೆಲೆಯಲ್ಲಿ ಶೇಕಡಾ ಎಷ್ಟು ಉಳಿಸಿದರೂ ಒಟ್ಟು ಬಿಲ್ಲಿನಲ್ಲಿ ಇಳಿಯುವುದು ಅದರ ಅರ್ಧದಷ್ಟು ಶೇಕಡಾ ಮಾತ್ರ. ಒರೆಸಿದರೆ ಕೈಗೆ ಬರುವ ಡಿಸ್ಟೆಂಪರನ್ನು ಅಡಿಗೆಮನೆಗೆ ಹೊಡೆಸಿದರೆ ಮುಂದಿನ ಹಬ್ಬಕ್ಕೆ ಅದೇ ಕೂಲಿ ಇನ್ನೊಮ್ಮೆ. ಹಾಗೆಂದು ಮನೆಗೆಲ್ಲ ದುಬಾರಿ ಎಮಲ್ಷನ್ ಬೇಕೆಂದೂ ಅಲ್ಲ. ಪಡಸಾಲೆ, ಅಡಿಗೆಮನೆ, ಮಕ್ಕಳ ಕೋಣೆಗೆ ತೊಳೆಯಬಹುದಾದದ್ದು ಹಾಕಿ. ಛಾವಣಿಯನ್ನು ಯಾರೂ ಮುಟ್ಟುವುದಿಲ್ಲ, ಭತ್ತದ ಚೀಲ ಒಟ್ಟುವ ಕೋಣೆಯನ್ನು ಯಾರೂ ನೋಡುವುದಿಲ್ಲ. ಅಲ್ಲಿ ಡಿಸ್ಟೆಂಪರ್ ಧಾರಾಳ ಸಾಕು. ಹಳೆಯ ಮಾಳಿಗೆ ಮನೆಯ ಮಣ್ಣಿನ ಗೋಡೆಗೆ, ಹತ್ತಾರು ವರ್ಷದ ಸುಣ್ಣದ ಪದರದ ಮೇಲೆ, ಎಮಲ್ಷನ್ ಹೊಡೆಸಬೇಡಿ. ಸಡಿಲ ಸುಣ್ಣಕ್ಕೆ ಹತ್ತಿದ ಬಣ್ಣ ಸುಣ್ಣದ ಸಮೇತ ಹಾಳೆಯಾಗಿ ಏಳುತ್ತದೆ.

ಸೌದೆಯ ಹೊಗೆ, ಒಗ್ಗರಣೆಯ ಜಿಡ್ಡು ಹಿಡಿದ ಗೋಡೆಯನ್ನು ಮೊದಲು ವಾಷಿಂಗ್ ಸೋಡಾದ ನೀರಲ್ಲಿ ತೊಳೆಸಿ. ಇಲ್ಲವಾದರೆ ಮೂರು ಕೋಟಿಂಗ್ ಹೊಡೆದರೂ ಕಂದು ಕಲೆ ಹೊರಬರುತ್ತದೆ. ಸೋಡಾದ ಪಾಕೀಟಿಗೆ ಕೊಟ್ಟ ದುಡ್ಡು ಇಡೀ ಪಟ್ಟಿಯಲ್ಲೇ ಅತಿ ಲಾಭದ್ದು.

“ಹಳೆ ಬಣ್ಣ ಉಜ್ಜೋಕೆ ಏನು ಖರ್ಚು?”

ಸ್ಯಾಂಡ್‌ಪೇಪರ್, ಪುಟ್ಟಿ ಎಳೆಯುವ ಪಟ್ಟಿ, ರೋಲರ್, ಟರ್ಪೆಂಟೈನ್, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಎಲ್ಲ ಸೇರಿದರೆ ಚಿಲ್ಲರೆಯಲ್ಲಿ ಮುಗಿಯುವುದಿಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೇಕು. ನೆಲಕ್ಕೆ ಹಾಸಲು ಖಾಲಿ ಗೊಬ್ಬರದ ಚೀಲ ಬಿಚ್ಚಿ ಹೊಲಿದರೂ ನಡೆಯುತ್ತದೆ. ಹಳೆ ಬಾಗಿಲು, ಕಿಟಕಿಯ ಆಯಿಲ್ ಪೇಂಟ್ ಮಾತ್ರ ಬೇರೆ ವಿಚಾರ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿರುತ್ತದೋ ಹೇಳಬರುವುದಿಲ್ಲ. ಅದನ್ನು ಒಣದಾಗಿ ಉಜ್ಜಿದರೆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಹಚ್ಚಿ ಉಜ್ಜಿಸಿ, ಉಜ್ಜುವವರಿಗೆ ಮಾಸ್ಕ್ ಕೊಡಿಸಿ, ಆ ದಿನ ಮಕ್ಕಳನ್ನೂ ಬಸುರಿಯರನ್ನೂ ಅಜ್ಜಿಮನೆಗೆ ಕಳಿಸಿ.

“ಪೇಂಟರ್ ಹೇಳಿದ ಕಂಪನಿಯದೇ ಒಳ್ಳೇದು”

ಇರಬಹುದು. ಕೈಗೆ ಒಗ್ಗಿದ ಬಣ್ಣದಲ್ಲಿ ಕೆಲಸ ಚೆನ್ನಾಗಿಯೇ ಬರುತ್ತದೆ. ಆದರೆ ಕಂಪನಿಗಳು ಪೇಂಟರುಗಳಿಗಾಗಿ ಡಬ್ಬಿಯೊಳಗೆ ಟೋಕನ್ ಇಡುವ ಪದ್ಧತಿ ಬಹುಕಾಲದ್ದು. ಈಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಪಾಯಿಂಟುಗಳೂ ಬಂದಿವೆ. ಅದು ಅವರ ದುಡಿಮೆಯ ಭಾಗ, ಕಳ್ಳತನವಲ್ಲ. ನಿಮಗೆ ತಿಳಿದಿದ್ದರೆ ಸಾಕು.

ಮಾತಾಡಬೇಕಾದದ್ದು ಅಳತೆಯ ಬಗ್ಗೆ. ಗುತ್ತಿಗೆ ಚದರಡಿ ಲೆಕ್ಕದ್ದಾದರೆ ಬಾಗಿಲು, ಕಿಟಕಿ ಕಳೆಯುತ್ತಾರೋ ಇಲ್ಲವೋ ಎಂಬುದೇ ಕೊನೆಯ ದಿನದ ಜಗಳ. ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರಿನೊಳಗಿನ ತೆರಪಿಗೆ ಕಳೆಯುವುದಿಲ್ಲ. ಅದಕ್ಕೂ ಮೇಲ್ಪಟ್ಟು ಮೂರು ಚದರ ಮೀಟರಿನವರೆಗೆ, ಅಂದರೆ ಸುಮಾರು 32 ಚದರಡಿಯವರೆಗೆ, ಒಂದು ಮುಖಕ್ಕೆ ಮಾತ್ರ ಕಳೆಯುತ್ತಾರೆ. ಬದಲಿಗೆ ಪಕ್ಕದ ಅಂಚುಗಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಮೂರಕ್ಕೆ ಏಳಡಿಯ ಬಾಗಿಲು ಬರುವುದು ಇದರೊಳಗೇ. ಈ ಲೆಕ್ಕ ಒಪ್ಪಿಗೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ, ಬರೆಸಿಕೊಳ್ಳಿ. ಎಷ್ಟು ಕೈ ಪುಟ್ಟಿ, ಎಷ್ಟು ಕೋಟಿಂಗ್, ಬಣ್ಣದ ಪೂರ್ತಿ ಹೆಸರೇನು ಎಂಬುದೂ ಅದೇ ಹಾಳೆಯಲ್ಲಿರಲಿ. ಡಬ್ಬಿಗಳನ್ನು ನಿಮ್ಮ ಕಣ್ಣೆದುರೇ ತೆರೆಯಲಿ. ಸಾಮಾನು ನೀವೇ ತರುವುದಾದರೆ ಪಕ್ಕಾ ಬಿಲ್ ಪಡೆಯಿರಿ. ಬಣ್ಣದ ಮೇಲಿನ ಜಿಎಸ್‌ಟಿ 2018ರ ಜುಲೈ 27ರಂದೇ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ಖಾಲಿಯಾದ 20 ಲೀಟರಿನ ಬಕೆಟ್ಟು ಯಾರಿಗೆ ಎಂಬುದನ್ನೂ ಬರೆಸಿಬಿಡಿ. ಮನೆಯ ಹೆಂಗಸರೂ ಪೇಂಟರೂ ಇಬ್ಬರೂ ಅದರ ಮೇಲೆ ಕಣ್ಣಿಟ್ಟಿರುತ್ತಾರೆ.