ಕೊಂಕಣ ಸುತ್ತುವ ಪ್ಯಾಕೆಟ್‌ಗಳು

ಅಂತರ್ಜಾಲದ ಐಪಿ ವಿಳಾಸವು ಯಂತ್ರ ಯಾವುದೆಂಬುದನ್ನೂ ಅದು ಎಲ್ಲಿದೆಯೆಂಬುದನ್ನೂ ಒಟ್ಟಿಗೇ ಸೂಚಿಸುವುದರಿಂದ, ಯಂತ್ರ ಜಾಗ ಬದಲಿಸಿದೊಡನೆ ವಿಳಾಸವೂ ಬದಲಾಗಿ ನಡೆಯುತ್ತಿದ್ದ ಸಂಪರ್ಕ ಕಡಿದುಹೋಗುತ್ತದೆ. ಇದಕ್ಕೆ ಪರಿಹಾರವಾಗಿ 1996ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ಪರ್ಕಿನ್ಸ್ ಅವರ ಸಂಪಾದಕತ್ವದಲ್ಲಿ ‘ಮೊಬೈಲ್ ಐಪಿ’ಯ ಮಾನಕ ಪ್ರಕಟವಾಯಿತು. ಊರು ಬಿಟ್ಟವರ ಕಾಗದವನ್ನು ಅಂಚೆ ಕಚೇರಿ ಹೊಸ ವಿಳಾಸಕ್ಕೆ ತಿರುಗಿಸುವಂತೆ, ಖಾಯಂ ವಿಳಾಸಕ್ಕೆ ಬಂದ ಪ್ಯಾಕೆಟ್‌ಗಳನ್ನು ‘ಹೋಮ್ ಏಜೆಂಟ್’ ಎಂಬ ಪ್ರತಿನಿಧಿ ಯಂತ್ರವು ಪಡೆದು, ಅಲೆಮಾರಿ ಯಂತ್ರದ ತಾತ್ಕಾಲಿಕ ವಿಳಾಸಕ್ಕೆ ಕಳುಹಿಸುತ್ತಿತ್ತು. ಕ್ಯಾಲಿಫೋರ್ನಿಯಾದ ಲ್ಯಾಪ್‌ಟಾಪ್ ಟೋಕಿಯೊಗೆ ಹೋಗಿ ಪಕ್ಕದ ಕಟ್ಟಡದ ಸರ್ವರ್‌ನೊಡನೆ ಮಾತಿಗಿಳಿದರೂ, ಸರ್ವರ್‌ನ ಉತ್ತರ ಶಾಂತಸಾಗರವನ್ನು ಎರಡು ಬಾರಿ ದಾಟಬೇಕಿತ್ತು. ತಂತ್ರಜ್ಞರು ‘ತ್ರಿಕೋನ ಮಾರ್ಗ’ವೆಂದ ಇದು ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ದಾರಿಯೇ ಆಗಿತ್ತು.

ಈ ಸುತ್ತನ್ನು ತಪ್ಪಿಸುವ ಉಪಾಯವೇ ‘ರೂಟ್ ಆಪ್ಟಿಮೈಸೇಶನ್’, ಅಂದರೆ ಅಲೆಮಾರಿ ಯಂತ್ರವು ತನ್ನ ಹೊಸ ವಿಳಾಸವನ್ನು ಎದುರು ತುದಿಗೆ ತಾನೇ ತಿಳಿಸಿ ನೇರ ದಾರಿ ಹಿಡಿಯುವುದು. ಐಪಿಯ ಹೊಸ ಆವೃತ್ತಿಯಾದ ಐಪಿವಿ6 ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಪರ್ಕಿನ್ಸ್ ಮತ್ತು ಡೇವಿಡ್ ಜಾನ್ಸನ್ ಇದನ್ನು ಅಡಿಪಾಯದಲ್ಲೇ ಸೇರಿಸಲು ಹೊರಟರು.

ಜಗಳ ಹುಟ್ಟಿದ್ದು ನಂಬಿಕೆಯ ವಿಷಯದಲ್ಲಿ. ‘ಇನ್ನು ಮುಂದೆ ಇಲ್ಲಿಗೆ ಕಳುಹಿಸಿ’ ಎಂಬ ಕೋರಿಕೆಯನ್ನು ಯಾರು ಬೇಕಾದರೂ ಕಳುಹಿಸಬಹುದಾದರೆ, ಕಿಡಿಗೇಡಿಯೊಬ್ಬನು ಇತರರ ಸಂಭಾಷಣೆಯನ್ನು ತನ್ನತ್ತ ತಿರುಗಿಸಿಕೊಳ್ಳಬಹುದು ಅಥವಾ ಭಾರಿ ವಿಡಿಯೊ ತರಿಸಲು ತೊಡಗಿ ಅದರ ಪ್ರವಾಹವನ್ನು ಅಮಾಯಕನ ಮೇಲೆ ಹರಿಸಬಹುದು. ಆರಂಭದ ಕರಡುಗಳು ಐಪಿಸೆಕ್ ಎಂಬ ಗೂಢಲಿಪಿ ವ್ಯವಸ್ಥೆಯನ್ನು ನೆಚ್ಚಿದ್ದವು. ಆದರೆ ಅದಕ್ಕೆ ಬೇಕಾದ, ಪರಸ್ಪರ ಪರಿಚಯವಿಲ್ಲದ ಯಾವ ಎರಡು ಯಂತ್ರಗಳಿಗಾದರೂ ಕೀಲಿ ಒದಗಿಸುವ ಜಾಗತಿಕ ಏರ್ಪಾಡು ಎಲ್ಲಿಯೂ ಇರಲಿಲ್ಲ.

2004ರ ಜೂನ್‌ನಲ್ಲಿ ಹೊರಬಂದ, ಮೊಬೈಲ್ ಐಪಿವಿ6ರ ಮಾನಕ ದಾಖಲೆಯಾದ ಆರ್‌ಎಫ್‌ಸಿ 3775 ಕಂಡುಕೊಂಡ ದಾರಿ ಸರಳವೂ ಜಾಣತನದ್ದೂ ಆಗಿತ್ತು. ಎದುರು ತುದಿಯ ಯಂತ್ರವು ಎರಡು ಗುಪ್ತ ಟೋಕನ್‌ಗಳಲ್ಲಿ ಒಂದನ್ನು ಖಾಯಂ ವಿಳಾಸಕ್ಕೂ ಇನ್ನೊಂದನ್ನು ಹೊಸ ವಿಳಾಸಕ್ಕೂ ಕಳುಹಿಸುತ್ತದೆ. ಎರಡನ್ನೂ ಕೂಡಿಸಿ ತೋರಿಸಬಲ್ಲವನ ಕೋರಿಕೆ ಮಾತ್ರ ಊರ್ಜಿತವಾಗುತ್ತದೆ. ಹೀಗೆ ಸಿಕ್ಕ ನಂಬಿಕೆಗೂ 420 ಸೆಕೆಂಡುಗಳ, ಅಂದರೆ ಏಳು ನಿಮಿಷಗಳ, ಗಡುವು ಇತ್ತು; ಒಮ್ಮೆ ದಾರಿಯಲ್ಲಿ ಹೊಂಚುಹಾಕಿ ಟೋಕನ್ ಕದ್ದವನು ಬಹುಕಾಲ ಅದರ ಲಾಭ ಪಡೆಯದಿರಲೆಂದು, ಗಡುವು ತೀರಿದ ಮೇಲೆ ಪರೀಕ್ಷೆಯನ್ನು ಮರಳಿ ನಡೆಸಬೇಕಿತ್ತು.

ನೇರ ಮಾರ್ಗದ ಸೌಲಭ್ಯವನ್ನು ಎಲ್ಲ ಯಂತ್ರಗಳಿಗೂ ಕಡ್ಡಾಯಗೊಳಿಸಬೇಕೇ ಎಂಬ ಪ್ರಶ್ನೆ ನಿಜವಾಗಿ ತೊಡಕಾದದ್ದು ಇಲ್ಲಿ. ಅದೇ ದಾಖಲೆಯು ನೇರ ಮಾರ್ಗವನ್ನು ಜಾಲದ ದಕ್ಷತೆಗೆ ಅತ್ಯಗತ್ಯವೆಂದು ಬಣ್ಣಿಸಿ, ಸೌಲಭ್ಯವು ಪೂರ್ವನಿಯೋಜಿತವಾಗಿ ಚಾಲೂ ಇರಬೇಕೆಂದು ಸೂಚಿಸಿದರೂ ಆಡಳಿತಗಾರರಿಗೆ ಅದನ್ನು ನಿಲ್ಲಿಸುವ ಅವಕಾಶವನ್ನೂ ಕೊಟ್ಟಿತು. ಲಾಭ ಅಲೆಮಾರಿಗೆ, ಹೊರೆ ಎದುರಿನವನಿಗೆ ಎಂಬ ಲೆಕ್ಕಾಚಾರದಲ್ಲಿ ಸರ್ವರ್ ನಡೆಸುವವರಿಗೆ ಆಸಕ್ತಿ ಹುಟ್ಟಲಿಲ್ಲ. ನೇರ ದಾರಿಯು ಬಳಕೆದಾರರು ಎಲ್ಲಿದ್ದಾರೆಂಬ ಸುಳಿವನ್ನು ಎದುರು ತುದಿಗೆ ಬಿಟ್ಟುಕೊಡುವುದರಿಂದ, ಗುಟ್ಟು ಬಯಸುವವರಿಗೂ ಅದು ಹಿಡಿಸುವಂತಿರಲಿಲ್ಲ. 2011ರಲ್ಲಿ ಐಪಿವಿ6 ಯಂತ್ರಗಳಿಗೆ ಬೇಕಾದ ಗುಣಗಳನ್ನು ಪಟ್ಟಿಮಾಡಿದ ಆರ್‌ಎಫ್‌ಸಿ 6434, ಮೊಬೈಲ್ ಐಪಿವಿ6 ಹೇಳಿಕೊಳ್ಳುವಷ್ಟು ಬಳಕೆಗೆ ಬಂದಿಲ್ಲವೆಂದು ಹೇಳಿ, ಅದನ್ನು ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂಬ ವರ್ಗಕ್ಕೆ ಇಳಿಸಿತು.

ಇಷ್ಟು ಎಚ್ಚರದಿಂದ ಕಟ್ಟಿದ ಏರ್ಪಾಡು ಹೀಗೆ ಮೂಲೆಗುಂಪಾದದ್ದು ವಿಷಾದದ ಸಂಗತಿಯೇ. ಭಾರತದ ಸಿಮ್‌ನೊಡನೆ ವಿದೇಶಕ್ಕೆ ಹೋದವರ ದತ್ತಾಂಶವು ಎಷ್ಟೋ ಬಾರಿ ಭಾರತದ ಗೇಟ್‌ವೇ ಮುಟ್ಟಿಯೇ ಮುಂದೆ ಸಾಗುವುದನ್ನು ಕಂಡಾಗ ಆ ವಿಷಾದ ಇನ್ನಷ್ಟು ಹೆಚ್ಚುತ್ತದೆ. ಆದರೂ ಬಳಕೆಯನ್ನು ಕಡ್ಡಾಯಗೊಳಿಸಿದ್ದರೆ ಗೆಲುವು ಸಿಗುತ್ತಿತ್ತೆನ್ನಲಾಗದು, ಏಕೆಂದರೆ ಎದುರು ತುದಿಗೆ ಲಾಭವಿಲ್ಲದ ನಿಯಮವು ಕಾಗದದಲ್ಲೇ ಉಳಿಯುತ್ತದೆ. 2021ರ ಮೇ ತಿಂಗಳಲ್ಲಿ ಮಾನಕವಾದ ‘ಕ್ವಿಕ್’ ಎಂಬ ಸಂಪರ್ಕ ವಿಧಾನವು, ಫೋನು ವೈಫೈ ಬಿಟ್ಟು ಮೊಬೈಲ್ ಜಾಲಕ್ಕೆ ಹಾರಿದಾಗ, ಹೊಸ ವಿಳಾಸಕ್ಕೆ ಎಂಟು ಬೈಟ್‌ಗಳ ಊಹಿಸಲಾಗದ ಸವಾಲನ್ನು ಕಳುಹಿಸಿ, ಅದೇ ಮರಳಿ ಬಂದರೆ ಮಾತ್ರ ಆ ದಾರಿಯನ್ನು ನಂಬುತ್ತದೆ. ಇಲ್ಲಿ ಹೋಮ್ ಏಜೆಂಟ್ ಇಲ್ಲ, ಎಲ್ಲ ಯಂತ್ರಗಳ ಮೇಲೆ ಹೊರಿಸಿದ ಆಜ್ಞೆಯೂ ಇಲ್ಲ. ಹೊಸ ವಿಳಾಸವನ್ನು ಪರೀಕ್ಷಿಸದೆ ನಂಬಬಾರದೆಂಬ ಹಳೆಯ ಎಚ್ಚರ ಮಾತ್ರ ಉಳಿದಿದೆ, ಮತ್ತು ಕಡ್ಡಾಯವಾಗಬೇಕಾದದ್ದು ಅದೊಂದೇ ಆಗಿತ್ತು.